ಕಷ್ಟದ ದಿನಗಳಲ್ಲಿ ಕ್ರಿಸ್ತಜಯಂತಿಯ ಆನಂದ

(ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಕಾರ್ಯಕರ್ತರು ಸೇರಿದ್ದ ಕ್ರಿಸ್ಮಸ್ ಸೌಹಾರ್ದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯಲ್ಲಿ ಕ್ರೈಸ್ತರಿದ್ದೀರಿ, ಹಿಂದೂಗಳಿದ್ದೀರಿ, ಮುಸ್ಲಿಮರಿದ್ದೀರಿ. ಒಂದೇ ಚಾಪೆಯ ಮೇಲೆ ಕೂತು ವಾರದ ಉಳಿತಾಯ ಕಟ್ಟುವ ನಮಗೆ ಒಬ್ಬರ ಮನೆಯ ಹಬ್ಬ ಎಲ್ಲರ ಹಬ್ಬವೇ. ಆದ್ದರಿಂದ ಇವತ್ತು ಆಡುವ ಮಾತು ಎಲ್ಲರಿಗೂ ಸೇರಿದ್ದು.

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಸಂಘದ ಸಭೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಹಬ್ಬ ಅಂದ್ರೆ ಈಗ ಖುಷಿಗಿಂತ ಭಯಾನೇ ಜಾಸ್ತಿ." ಈ ಮಾತನ್ನು ನಾವು ತಳ್ಳಿಹಾಕುವಂತಿಲ್ಲ. ಮಳೆ ನೆಚ್ಚಿಕೊಂಡ ಹೊಲಗಳ ಪಾಡು ನಿಮಗೇ ಗೊತ್ತು. 2023ರಲ್ಲಿ ಮುಂಗಾರು ಕೈಕೊಟ್ಟಾಗ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವೇ ಸಾರಬೇಕಾಯಿತು. ಒಂದು ವರ್ಷದ ಬರ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ. ಆ ವರ್ಷ ಮಾರಿದ ದನ ಮರಳಿ ಕೊಟ್ಟಿಗೆಗೆ ಬರಲು, ಅಡವಿಟ್ಟ ಓಲೆ ಮರಳಿ ಕಿವಿಗೆ ಬರಲು ಎಷ್ಟೋ ವರ್ಷ ಬೇಕು. ಮಳೆ ಚೆನ್ನಾಗಿ ಆದರೆ ಬೆಲೆ ಬೀಳುತ್ತದೆ. ಗಂಡ, ಮಗ ಕೆಲಸ ಹುಡುಕಿಕೊಂಡು ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗಿರುತ್ತಾರೆ. ಮನೆಯಲ್ಲಿ ಕಾಯಿಲೆ, ಕುಡಿತ, ಕಂತು ಕಟ್ಟುವ ಚಿಂತೆ. ಇಂಥ ಮನೆಯ ಬಾಗಿಲಿಗೆ ನಕ್ಷತ್ರ ಕಟ್ಟಿ "ಆನಂದಪಡಿ" ಎಂದರೆ ಅದಕ್ಕೆ ಅರ್ಥವಿದೆಯೇ? ಈ ಪ್ರಶ್ನೆಯನ್ನೇ ಇವತ್ತು ನಾವೆಲ್ಲ ಸೇರಿ ಯೋಚಿಸೋಣ.

ಮೊದಲ ಕ್ರಿಸ್ಮಸ್ ಹೇಗಿತ್ತು?

ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನಾವು ಪ್ರತಿವರ್ಷ ಕೇಳುತ್ತೇವೆ. ಕೇಳಿ ಕೇಳಿ ಅದು ಹಾಡಿನ ಹಾಗೆ ಕಿವಿಗೆ ಹಿತವಾಗಿಬಿಟ್ಟಿದೆ. ಸ್ವಲ್ಪ ನಿಧಾನವಾಗಿ ನೋಡಿದರೆ ಅಲ್ಲಿರುವುದು ನಮ್ಮ ನಿಮ್ಮ ಮನೆಗಳ ಕಷ್ಟವೇ.

ರೋಮಿನ ಚಕ್ರವರ್ತಿ ಔಗುಸ್ತನು ಜನಗಣತಿಗೆ ಆಜ್ಞೆ ಹೊರಡಿಸಿದ. ಆ ಕಾಲದಲ್ಲಿ ಗಣತಿ ಅಂದರೆ ಮುಂದೆ ತೆರಿಗೆ ವಸೂಲಿ ಬರುತ್ತದೆ ಅಂತಲೇ ಅರ್ಥ. ಹೆಸರು ಬರೆಸಲೇಬೇಕು, ತಪ್ಪಿಸುವ ಹಾಗಿಲ್ಲ. ನಜರೇತಿನಿಂದ ಬೆತ್ಲೆಹೇಮಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ತುಂಬು ಗರ್ಭಿಣಿಯಾದ ಮಾತೆ ಮರಿಯಮ್ಮನವರು, ಮರಗೆಲಸದ ಸಂತ ಜೋಸೆಫರು ಅಷ್ಟು ದೂರ ಹೊರಟರು. ಕಾಗದಪತ್ರಕ್ಕಾಗಿ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುವ ನಿಮಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಿಲ್ಲ.

ಅಲ್ಲಿ ತಲುಪಿದ ಮೇಲೆ ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಹುಟ್ಟಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಗೋದಲಿ ಅಂದರೆ ದನಗಳಿಗೆ ಹುಲ್ಲು ಹಾಕುವ ಜಾಗ. ನಾವು ಈಗ ಅದಕ್ಕೆ ಬಣ್ಣದ ದೀಪ, ಮಿಂಚುವ ಕಾಗದ ಹಚ್ಚಿ ಚೆಂದ ಮಾಡಿದ್ದೇವೆ. ತಪ್ಪಲ್ಲ. ಆದರೆ ಆ ರಾತ್ರಿ ಅಲ್ಲಿದ್ದದ್ದು ಹುಲ್ಲು, ಸಗಣಿ ವಾಸನೆ, ಚಳಿ ಮತ್ತು ಊರಲ್ಲಿ ಗುರುತು ಪರಿಚಯ ಇಲ್ಲದ ಒಬ್ಬ ಬಾಣಂತಿ.

ಸುದ್ದಿ ಮೊದಲು ಯಾರಿಗೆ ಮುಟ್ಟಿತು? ರಾತ್ರಿಯೆಲ್ಲ ಎದ್ದಿದ್ದು ಕುರಿ ಕಾಯುತ್ತಿದ್ದ ಕುರುಬರಿಗೆ. ಅರಮನೆಯಲ್ಲಿದ್ದ ಹೆರೋದನಿಗೆ ದೇವದೂತರು ಬಂದು ಹೇಳಲಿಲ್ಲ. ಎಲ್ಲ ಜನರಿಗೂ ಮಹದಾನಂದ ತರುವ ಸುದ್ದಿ ಇದು, ಹೆದರಬೇಡಿ ಎಂದು ದೂತರು ತಿಳಿಸಿದ್ದು ಬಯಲಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದ ಕೂಲಿಕಾರರಿಗೆ. ಅವರಿಗೆ ಕೊಟ್ಟ ಗುರುತಾದರೂ ಎಂಥದ್ದು? ಕಿರೀಟವಿಲ್ಲ, ಸಿಂಹಾಸನವಿಲ್ಲ. ಗೋದಲಿಯಲ್ಲಿ ಮಲಗಿರುವ ಕೂಸೇ ಗುರುತು. ಗೋದಲಿ ಯಾವುದು, ಎಲ್ಲಿರುತ್ತದೆ ಎಂದು ಕುರುಬರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮುಂದೆ ನಲವತ್ತು ದಿನವಾದ ಮೇಲೆ ಕೂಸನ್ನು ದೇವಾಲಯಕ್ಕೆ ಕರೆದುಕೊಂಡು ಹೋದಾಗ ಮರಿಯಮ್ಮನವರು ಕೊಟ್ಟ ಕಾಣಿಕೆ ಎರಡು ಹಕ್ಕಿಗಳು. ಕುರಿಮರಿ ಕೊಡುವ ಶಕ್ತಿ ಇಲ್ಲದ ಬಡ ತಾಯಂದಿರಿಗೆ ಮೋಶೆಯ ಧರ್ಮಶಾಸ್ತ್ರ ಕೊಟ್ಟಿದ್ದ ರಿಯಾಯಿತಿ ಅದು. ಆಮೇಲೆ ಹೆರೋದನ ಕತ್ತಿಗೆ ಹೆದರಿ ರಾತ್ರೋರಾತ್ರಿ ಈಜಿಪ್ಟಿಗೆ ಓಡಿಹೋಗಬೇಕಾಯಿತು. ಯೇಸುಸ್ವಾಮಿಯ ಬಾಲ್ಯ ಶುರುವಾದದ್ದೇ ಗುಳೆ ಹೋದವರ ಮಗುವಾಗಿ. ಬೆತ್ಲೆಹೇಮಿನಲ್ಲಿ ಹತರಾದ ಮಕ್ಕಳ ನೆನಪಿಗೆ ಧರ್ಮಸಭೆ ಡಿಸೆಂಬರ್ 28ರಂದು ಮುಗ್ಧ ಶಿಶುಗಳ ಹಬ್ಬವನ್ನು ಇಟ್ಟಿದೆ. ಕ್ರಿಸ್ಮಸ್ ಆಗಿ ಮೂರೇ ದಿನಕ್ಕೆ! ಮಕ್ಕಳನ್ನು ಕಳೆದುಕೊಂಡ ತಾಯಂದಿರ ಅಳುವನ್ನು ಧರ್ಮಸಭೆ ಹಬ್ಬದ ಹೊರಗೆ ಕೂರಿಸಿಲ್ಲ, ಹಬ್ಬದ ಒಳಗೇ ಕರೆದುಕೊಂಡಿದೆ.

ಆದ್ದರಿಂದ, ಕಷ್ಟ ಇರುವ ಮನೆಗೆ ಕ್ರಿಸ್ಮಸ್ ಬರುವುದಿಲ್ಲ ಅನ್ನುವ ಮಾತು ಸುಳ್ಳು. ಕ್ರಿಸ್ಮಸ್ ಮೊದಲು ಬಂದದ್ದೇ ಅಂಥ ಜಾಗಕ್ಕೆ.

ಖುಷಿ ಬೇರೆ, ಆನಂದ ಬೇರೆ

ಖುಷಿ ಪಡಲು ಏನಾದರೂ ಕೈಗೆ ಸಿಗಬೇಕು: ಹೊಸ ಬಟ್ಟೆ, ಒಳ್ಳೆ ಊಟ, ಬೆಳೆಗೆ ಬೆಲೆ. ಇದೆಲ್ಲ ಬೇಕು, ಬೇಡ ಎಂದು ನಾವು ಹೇಳುವುದಿಲ್ಲ. ಹೊಟ್ಟೆ ಹಸಿದವರಿಗೆ ಉಪದೇಶ ಮಾಡಿ ಕಳಿಸುವುದು ಕ್ರಿಸ್ತರ ದಾರಿಯಲ್ಲ. ಅವರು ರೊಟ್ಟಿ ಮುರಿದು ಹಂಚಿದವರು. ಆದರೆ ಪವಿತ್ರ ಗ್ರಂಥ ಹೇಳುವ ಆನಂದದ ಬೇರು ಇನ್ನೂ ಆಳದಲ್ಲಿದೆ. ದೇವರು ನಮ್ಮ ಜೊತೆ ಇದ್ದಾರೆ, ನಾವು ಒಂಟಿಯಲ್ಲ ಎಂಬ ಭರವಸೆಯೇ ಆ ಬೇರು. ಇಮ್ಮಾನುವೇಲ್ ಎಂಬ ಹೆಸರಿಗೂ ಅದೇ ಅರ್ಥ.

ಹಳೆಯ ಒಡಂಬಡಿಕೆಯಲ್ಲಿ ಹಬಕ್ಕೂಕ ಎಂಬ ಪ್ರವಾದಿಯ ಚಿಕ್ಕ ಗ್ರಂಥವಿದೆ. ಅದರ ಕೊನೆಯಲ್ಲಿ ಒಂದು ಪ್ರಾರ್ಥನೆ ಬರುತ್ತದೆ. ಅದನ್ನು ಓದಿದರೆ ನಮ್ಮ ರೈತನೇ ಮಾತನಾಡುತ್ತಿದ್ದಾನೆ ಅನ್ನಿಸುತ್ತದೆ. ಅಂಜೂರ ಹೂ ಬಿಟ್ಟಿಲ್ಲ, ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣಿಲ್ಲ, ಎಣ್ಣೆಮರ ಕೈಕೊಟ್ಟಿದೆ, ಹೊಲದಲ್ಲಿ ಬೆಳೆಯಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ ಎಂದು ಪ್ರವಾದಿ ಒಂದೊಂದಾಗಿ ಲೆಕ್ಕ ಒಪ್ಪಿಸುತ್ತಾನೆ. ಯಾವುದನ್ನೂ ಮುಚ್ಚಿಡುವುದಿಲ್ಲ. ಎಲ್ಲ ಹೇಳಿದ ಮೇಲೆ, ಆದರೂ ನಾನು ನನ್ನ ದೇವರಲ್ಲಿ ಆನಂದಪಡುತ್ತೇನೆ ಎನ್ನುತ್ತಾನೆ. ಆ "ಆದರೂ" ಅನ್ನುವುದರಲ್ಲೇ ವಿಶ್ವಾಸವಿದೆ. ಕಷ್ಟ ಇಲ್ಲ ಅಂತ ನಟಿಸುವುದು ವಿಶ್ವಾಸ ಅಲ್ಲ. ಕಷ್ಟವನ್ನು ಲೆಕ್ಕ ಹಾಕಿ ಹೇಳಿ, ಆಮೇಲೆ "ಆದರೂ" ಅನ್ನುವುದು ವಿಶ್ವಾಸ.

ಸಂತ ಪೌಲರು ಸದಾ ಆನಂದಿಸಿರಿ ಎಂದು ಫಿಲಿಪ್ಪಿಯರಿಗೆ ಬರೆದದ್ದು ಸೆರೆಮನೆಯಿಂದ. ಆಗಮನ ಕಾಲದ ಮೂರನೆಯ ಭಾನುವಾರವನ್ನು ನಾವು ಆನಂದದ ಭಾನುವಾರ ಎನ್ನುತ್ತೇವೆ. ನೇರಳೆ ಬಣ್ಣದ ಮೂರು ಮೇಣದಬತ್ತಿಗಳ ನಡುವೆ ಅಂದು ಗುಲಾಬಿ ಬಣ್ಣದ ಬತ್ತಿ ಹಚ್ಚುತ್ತೇವೆ. ಹಬ್ಬ ಇನ್ನೂ ಬಂದಿರುವುದಿಲ್ಲ, ಕಾಯುವುದು ಮುಗಿದಿರುವುದಿಲ್ಲ. ಕಾಯುತ್ತಿರುವಾಗಲೇ ಸ್ವಲ್ಪ ಆನಂದಪಡಿ ಎಂದು ಧರ್ಮಸಭೆ ನಮಗೆ ಕಲಿಸುತ್ತದೆ.

2013ರಲ್ಲಿ ವಿಶ್ವಗುರು ಫ್ರಾನ್ಸಿಸ್ ಅವರು ಶುಭಸಂದೇಶದ ಆನಂದದ ಬಗ್ಗೆಯೇ ಒಂದು ದೊಡ್ಡ ಪ್ರೇಷಿತ ಪತ್ರ ಬರೆದರು. ಅದರಲ್ಲಿ ಎರಡು ಮಾತು ನಮ್ಮಂಥವರಿಗೆ ಮುಖ್ಯ. ಬದುಕಿನ ಎಲ್ಲ ಹೊತ್ತಿನಲ್ಲೂ, ಅದರಲ್ಲೂ ತೀರಾ ಕಷ್ಟದ ಹೊತ್ತಿನಲ್ಲಿ, ಆನಂದ ಒಂದೇ ರೀತಿ ಕಾಣಿಸುವುದಿಲ್ಲ ಎಂದು ಅವರು ಒಪ್ಪಿಕೊಂಡರು. ಕೆಲವೊಮ್ಮೆ ಅದು ಒಂದು ಕಿಡಿಯಷ್ಟೇ ಉಳಿಯುತ್ತದೆ. ಕಿಡಿ ಉಳಿದರೂ ಸಾಕು. ಇನ್ನೊಂದು ಮಾತು: ತಾವು ಕಂಡ ಅತ್ಯಂತ ಸುಂದರವಾದ ಆನಂದವನ್ನು ಕಂಡದ್ದು, ಕೈಯಲ್ಲಿ ಹೆಚ್ಚೇನೂ ಇಲ್ಲದ ಬಡವರಲ್ಲಿ ಎಂದರು.

ಕತ್ತಲೆಯಲ್ಲಿ ಹಬ್ಬ ಮಾಡಿದವರು

ಇದು ಬರೀ ಬಾಯಿಮಾತಲ್ಲ. ಬಾಳಿ ತೋರಿಸಿದವರಿದ್ದಾರೆ.

1223ರಲ್ಲಿ ಇಟಲಿಯ ಗ್ರೇಚೋ ಎಂಬ ಊರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿಯೊಂದನ್ನು ಸಿದ್ಧಪಡಿಸಿದರು. ಹುಲ್ಲು, ಒಂದು ಎತ್ತು, ಒಂದು ಕತ್ತೆ. ಊರ ಜನ ಪಂಜು ಹಿಡಿದು ಬಂದರು, ಅಲ್ಲೇ ಬಲಿಪೂಜೆ ಆಯಿತು. ಕೂಸು ಯೇಸು ಎಂಥ ಕೊರತೆಯಲ್ಲಿ ಹುಟ್ಟಿದರೆಂದು ಕಣ್ಣಾರೆ ನೋಡಬೇಕು ಎಂಬುದು ಫ್ರಾನ್ಸಿಸರ ಆಸೆ. ನಮ್ಮ ಮನೆಮನೆಯ ಗೋದಲಿಗೆ ಮೂಲ ಅದು. 2023ಕ್ಕೆ ಅದಕ್ಕೆ 800 ವರ್ಷ ತುಂಬಿತು. ಗೋದಲಿ ಹುಟ್ಟಿದ್ದೇ ಕೊರತೆಯನ್ನು ತೋರಿಸಲು, ಸಿರಿವಂತಿಕೆ ತೋರಿಸಲು ಅಲ್ಲ ಎಂಬುದನ್ನು ನಾವು ನೆನಪಿಡೋಣ.

ಕ್ರಿಸ್ಮಸ್ ರಾತ್ರಿ ದೀಪ ಆರಿಸಿ ನಾವು ಹಾಡುವ 'ಸೈಲೆಂಟ್ ನೈಟ್' ಹಾಡಿನ ಕಥೆಯನ್ನೂ ಕೇಳಿ. ಅದರ ಪದಗಳನ್ನು ಆಸ್ಟ್ರಿಯಾದ ಜೋಸೆಫ್ ಮೋರ್ ಎಂಬ ಯುವ ಗುರುಗಳು ಬರೆದದ್ದು 1816ರಲ್ಲಿ. ಯೂರೋಪಿನಲ್ಲಿ ಆಗ ತಾನೇ ದೀರ್ಘ ಯುದ್ಧಗಳು ಮುಗಿದಿದ್ದವು. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ ಮತ್ತು ಹೊಗೆ ಆಕಾಶದಲ್ಲೆಲ್ಲ ಹರಡಿ, 1816ರಲ್ಲಿ ಬೇಸಿಗೆಯೇ ಬರಲಿಲ್ಲ ಎನ್ನುವಷ್ಟು ಚಳಿ, ಮಳೆ. ಬೆಳೆ ಹಾಳಾಗಿ ಎಷ್ಟೋ ಕಡೆ ಜನ ಹಸಿದರು. ಅಂಥ ವರ್ಷದಲ್ಲಿ ಒಬ್ಬ ಬಡ ಗುರು ಶಾಂತಿಯ ಹಾಡು ಬರೆದರು. ಎರಡು ವರ್ಷದ ನಂತರ, 1818ರ ಕ್ರಿಸ್ಮಸ್ ಹಿಂದಿನ ರಾತ್ರಿ, ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ದೇವಾಲಯದಲ್ಲಿ ಶಾಲಾ ಮಾಸ್ತರ ಫ್ರಾಂಜ್ ಗ್ರೂಬರ್ ಅವರ ರಾಗದಲ್ಲಿ, ಒಂದು ಗಿಟಾರ್ ಇಟ್ಟುಕೊಂಡು ಇಬ್ಬರೂ ಅದನ್ನು ಹಾಡಿದರು. ಈಗ ಲೋಕವೆಲ್ಲ ಅದನ್ನು ಹಾಡುತ್ತದೆ.

ಹಳೆಯ ಕಾಲದ್ದು ಬಿಡಿ ಅನ್ನುತ್ತೀರಾ? ಯೇಸುಸ್ವಾಮಿ ಹುಟ್ಟಿದ ಬೆತ್ಲೆಹೇಮಿನಲ್ಲೇ, ಗಾಜಾದ ಯುದ್ಧದಿಂದಾಗಿ, 2023 ಮತ್ತು 2024ರಲ್ಲಿ ಬೀದಿಯ ಸಡಗರವನ್ನೆಲ್ಲ ಕೈಬಿಟ್ಟಿದ್ದರು. ಚೌಕದಲ್ಲಿ ಕ್ರಿಸ್ಮಸ್ ಮರ ನಿಲ್ಲಲಿಲ್ಲ. ಬಲಿಪೂಜೆ, ಪ್ರಾರ್ಥನೆ ಮಾತ್ರ ನಿಲ್ಲಲಿಲ್ಲ. 2025ರ ಡಿಸೆಂಬರಿನಲ್ಲಿ ಆ ಚೌಕದಲ್ಲಿ ಮತ್ತೆ ಮರಕ್ಕೆ ದೀಪ ಹಚ್ಚಿದರು. ಗಾಜಾದಲ್ಲಿರುವ ಒಂದೇ ಒಂದು ಕಥೋಲಿಕ ಧರ್ಮಕೇಂದ್ರ ಪವಿತ್ರ ಕುಟುಂಬದ ಹೆಸರಿನದು. ಯುದ್ಧದ ದಿನಗಳಲ್ಲಿ ನೂರಾರು ಜನ ಅದರ ಆವರಣದಲ್ಲೇ ಆಶ್ರಯ ಪಡೆದರು. ವಿಶ್ವಗುರು ಫ್ರಾನ್ಸಿಸ್ ಅವರು ಹೆಚ್ಚುಕಡಿಮೆ ಪ್ರತಿ ಸಂಜೆ ಅಲ್ಲಿಗೆ ಫೋನ್ ಮಾಡಿ ಊಟ ಆಯಿತಾ, ಹೇಗಿದ್ದೀರಿ ಎಂದು ವಿಚಾರಿಸುತ್ತಿದ್ದರು. 2025ರ ಏಪ್ರಿಲ್ 21ರಂದು ತೀರಿಕೊಳ್ಳುವ ಮುಂಚಿನ ದಿನಗಳವರೆಗೂ ಅದನ್ನು ಬಿಡಲಿಲ್ಲ. ಅದೇ ವರ್ಷದ ಜುಲೈನಲ್ಲಿ ಆ ದೇವಾಲಯದ ಮೇಲೂ ದಾಳಿಯ ಏಟು ಬಿದ್ದು ಮೂವರು ಸತ್ತರು. ಆದರೂ ಅಲ್ಲಿನ ಗಂಟಲುಗಳು ಪ್ರಾರ್ಥನೆ ಮರೆಯಲಿಲ್ಲ. ಒಂದು ಫೋನ್ ಕರೆಯಿಂದ ಯುದ್ಧ ನಿಲ್ಲುವುದಿಲ್ಲ, ನಿಜ. ಆದರೆ ನಿಮ್ಮನ್ನು ಮರೆತಿಲ್ಲ ಅನ್ನುವ ಒಂದು ದನಿ ಪ್ರತಿ ಸಂಜೆ ಬಂದರೆ ಮನುಷ್ಯ ಇನ್ನೊಂದು ರಾತ್ರಿ ಕಳೆಯುತ್ತಾನೆ. ಕ್ರಿಸ್ಮಸ್ ಅಂದರೆ ದೇವರು ನಮಗೆ ಕೊಟ್ಟದ್ದೂ ಅದನ್ನೇ, ನಿಮ್ಮನ್ನು ಮರೆತಿಲ್ಲ ಎಂಬ ಭರವಸೆ.

ಆನಂದವನ್ನು ಕದಿಯುವ ಸಾಲ

ಈಗ ನಮ್ಮ ಹಟ್ಟಿಗೇ ಬರೋಣ. ನಮ್ಮ ಕಡೆ ಹಬ್ಬದ ಆನಂದವನ್ನು ಕದಿಯುವುದು ಬರೀ ಬಡತನವಲ್ಲ. ಪಕ್ಕದ ಮನೆಯ ಜೊತೆ ಹೋಲಿಕೆ, ಅದಕ್ಕಾಗಿ ಮಾಡುವ ಸಾಲ. "ಅವ್ರ ಮಕ್ಕಳಿಗೆ ಹೊಸ ಬಟ್ಟೆ, ನಮ್ಮ ಮಕ್ಕಳಿಗೆ ಇಲ್ಲಾಂದ್ರೆ ಹೇಗೆ?" ಎಂದು ಕಿರುಸಾಲ ಎತ್ತುತ್ತೇವೆ. ಹಬ್ಬ ಎರಡು ದಿನ, ಕಂತು ಎರಡು ವರ್ಷ. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದು ಕಂಪನಿಯಲ್ಲಿ ಸಾಲ. 2025ರ ಮೊದಲ ತಿಂಗಳುಗಳಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ವಸೂಲಿ ಕಾಟ ತಾಳಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ಎಲ್ಲರೂ ಕೇಳಿದ್ದೀರಿ. ಆ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಗೊತ್ತುಮಾಡಿತು.

ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮಗಳನ್ನೂ ತಿಳಿದಿರಿ. ವರ್ಷಕ್ಕೆ 3 ಲಕ್ಷದವರೆಗೆ ವರಮಾನವಿರುವ ಮನೆಗೆ ಅಡಮಾನವಿಲ್ಲದೆ ಕೊಡುವುದೇ ಕಿರುಸಾಲ. ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ವರಮಾನದ ಅರ್ಧ ಮೀರಬಾರದು. ಅಂದರೆ ತಿಂಗಳಿಗೆ 12,000 ರೂಪಾಯಿ ಬರುವ ಮನೆಗೆ ಎಲ್ಲ ಕಂತು ಸೇರಿ 6,000ಕ್ಕೆ ನಿಲ್ಲಬೇಕು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕಾಡುವ ಹಾಗಿಲ್ಲ. ಬೈಯುವ, ಬೆದರಿಸುವ, ಮರ್ಯಾದೆ ಕಳೆಯುವ ಹಕ್ಕು ಯಾರಿಗೂ ಇಲ್ಲ. ಇದರರ್ಥ ತೆಗೆದುಕೊಂಡ ಸಾಲ ತೀರಿಸಬೇಡಿ ಅಂತಲ್ಲ. ತೀರಿಸೋಣ, ಆದರೆ ಮನುಷ್ಯರಾಗಿ ತೀರಿಸೋಣ.

ಹಬ್ಬದ ಭಾಷಣದಲ್ಲಿ ಸಾಲದ ಮಾತು ಯಾಕೆ ಎಂದು ಕೇಳಬಹುದು. ಪವಿತ್ರ ಗ್ರಂಥದಲ್ಲೇ ಅದು ಇದೆ. ಅರಸುಗಳ ಎರಡನೆಯ ಗ್ರಂಥದಲ್ಲಿ ಒಬ್ಬ ವಿಧವೆ ಬರುತ್ತಾಳೆ. ಸಾಲಗಾರ ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ. ಮನೆಯಲ್ಲಿ ಉಳಿದಿರುವುದು ಒಂದು ಕುಡಿಕೆ ಎಣ್ಣೆ. ಪ್ರವಾದಿ ಎಲೀಷ ಅವಳಿಗೆ ಮೊದಲು ಹೇಳಿದ್ದು ನೆರೆಹೊರೆಯವರ ಹತ್ತಿರ ಹೋಗಿ ಖಾಲಿ ಪಾತ್ರೆಗಳನ್ನು ಕೇಳಿ ತರಲು. ಪಾತ್ರೆ ಎಷ್ಟಿತ್ತೋ ಅಷ್ಟೂ ತುಂಬುವವರೆಗೆ ಎಣ್ಣೆ ನಿಲ್ಲಲಿಲ್ಲ. ಎಣ್ಣೆ ಮಾರಿ ಸಾಲ ತೀರಿಸಿದಳು, ಉಳಿದದ್ದರಲ್ಲಿ ಮಕ್ಕಳನ್ನು ಸಾಕಿದಳು. ದೇವರ ಪವಾಡಕ್ಕೆ ನೆರೆಮನೆಯ ಪಾತ್ರೆಗಳು ಬೇಕಾದವು. ನಮ್ಮ ಸಂಘ ಅಂದರೂ ಅದೇ ಅಲ್ಲವೇ? ನೆರೆಯವರು ಕೊಟ್ಟ ಪಾತ್ರೆಗಳು.

ನಾವು ಏನು ಮಾಡಬಹುದು?

ಕೇಳಿ ಮರೆಯುವುದಕ್ಕಿಂತ ಮಾಡಿ ನೋಡುವುದು ಮೇಲು. ನಮ್ಮ ಕೈಲಾಗುವ ಕೆಲವು ಕೆಲಸಗಳು ಇವು:

1. ಹಬ್ಬಕ್ಕೆಂದು ಹೊಸ ಸಾಲ ಬೇಡ. ಬೇಕೇಬೇಕಾದ ಖರ್ಚಿದ್ದರೆ ಮೊದಲು ಸಂಘದ ಸಭೆಯಲ್ಲಿ ಬಾಯಿಬಿಟ್ಟು ಹೇಳಿ.

2. ತಿಂಡಿಯನ್ನು ಒಂದೇ ಮನೆಯಲ್ಲಿ, ಒಂದೇ ಬಾಣಲೆಯಲ್ಲಿ, ನಾಲ್ಕೈದು ಮನೆಯವರು ಸೇರಿ ಮಾಡಿ. ಒಬ್ಬರು ಅಕ್ಕಿ, ಒಬ್ಬರು ಬೆಲ್ಲ, ಒಬ್ಬರು ಎಣ್ಣೆ. ಕರಾವಳಿ ಕಡೆ ಕುಸ್ವಾರ್ ಎನ್ನುತ್ತಾರೆ, ನಮ್ಮ ಕಡೆ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ. ಹೆಸರು ಯಾವುದಾದರೂ ಹಂಚಿದಾಗಲೇ ಅದಕ್ಕೆ ರುಚಿ. ಸ್ವಲ್ಪವಾದರೂ ಬೇರೆ ಧರ್ಮದ ನೆರೆಮನೆಗೆ ಹೋಗಲಿ.

3. ಗೋದಲಿಗೆ ಅಂಗಡಿ ಸಾಮಾನು ಬೇಕಿಲ್ಲ. ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಬಿತ್ತಿ ಮಕ್ಕಳ ಕೈಲಿ ನೀರು ಹಾಕಿಸಿ. ಹಬ್ಬದ ಹೊತ್ತಿಗೆ ಹಸಿರು ಹುಲ್ಲು ಬಂದಿರುತ್ತದೆ. ಬಿದಿರು ಕಡ್ಡಿ, ಬಣ್ಣದ ಕಾಗದ ಇದ್ದರೆ ನಕ್ಷತ್ರವಾಯಿತು. ಮಕ್ಕಳಿಗೆ ನೆನಪುಳಿಯುವುದು ತಾವೇ ಮಾಡಿದ್ದು.

4. ಈ ವರ್ಷ ಸಾವಾದ ಮನೆಯವರು ಹಬ್ಬ ಮಾಡುವುದಿಲ್ಲ. ಅಂಥ ಮನೆಯನ್ನು ದಾಟಿ ಹೋಗಬೇಡಿ. ಹೋಗಿ ಅರ್ಧ ಗಂಟೆ ಕೂತು ಬನ್ನಿ. "ಅಳಬೇಡಿ, ಹಬ್ಬ ಅಲ್ವಾ" ಎಂದು ಹೇಳಬೇಡಿ. ಅವರು ಅತ್ತರೆ ಅಳಲಿ. ಕೀರ್ತನೆಗಳ ಗ್ರಂಥದಲ್ಲಿ ಎಷ್ಟೋ ಕೀರ್ತನೆಗಳು ಅಳುವೇ.

5. ಗುಳೆ ಹೋದವರಿಗೆ ಫೋನ್ ಮಾಡಿ. ದುಡ್ಡು ಕಳಿಸಿದೆಯಾ ಎಂದು ಮೊದಲು ಕೇಳಬೇಡಿ. ಊಟ ಆಯಿತಾ ಎಂದು ಮೊದಲು ಕೇಳಿ.

6. ಯಾರಾದರೂ "ಬದುಕಿ ಏನು ಪ್ರಯೋಜನ" ಎಂಬಂಥ ಮಾತು ಆಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವಸೂಲಿಗೆ ಬಂದು ಯಾರಾದರೂ ಬೆದರಿಸಿದರೆ ಪೊಲೀಸರ ತುರ್ತು ಸಂಖ್ಯೆ 112 ಇದೆ, ಸಂಘವೂ ಜೊತೆಗಿದೆ.

ಪ್ರೀತಿಯ ಸಹೋದರ ಸಹೋದರಿಯರೇ, ಕುರುಬರು ಕೂಸನ್ನು ನೋಡಿ ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು ಎಂದು ಸಂತ ಲೂಕರು ಬರೆಯುತ್ತಾರೆ. ಎಲ್ಲಿಗೆ ಹಿಂದಿರುಗಿದರು? ಅದೇ ಬಯಲಿಗೆ, ಅದೇ ಕುರಿಗಳ ಹತ್ತಿರಕ್ಕೆ, ಅದೇ ಚಳಿಗೆ. ಅವರ ಕೂಲಿ ಹೆಚ್ಚಲಿಲ್ಲ, ಚಕ್ರವರ್ತಿಯ ತೆರಿಗೆ ಕಡಿಮೆಯಾಗಲಿಲ್ಲ. ಆದರೆ ದೇವರು ತಮ್ಮ ಕಡೆಯವರು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಹಾಡುತ್ತಾ ಹೋದರು.

ನಾವೂ ಇಲ್ಲಿಂದ ನಮ್ಮ ನಮ್ಮ ಮನೆಗೆ, ಹೊಲಕ್ಕೆ, ಕೂಲಿಗೆ ಹಿಂದಿರುಗುತ್ತೇವೆ. ನಮ್ಮ ಕಷ್ಟಗಳು ನಾಳೆ ಬೆಳಿಗ್ಗೆ ಬಾಗಿಲಲ್ಲೇ ನಿಂತಿರಬಹುದು. ಆದರೂ ಗೋದಲಿಯಲ್ಲಿ ಮಲಗಿದ ಬಾಲಯೇಸು ನಮ್ಮ ಜೊತೆಗಿದ್ದಾರೆ, ನಾವು ಒಬ್ಬರಿಗೊಬ್ಬರು ಜೊತೆಗಿದ್ದೇವೆ. ಈ ವಿಶ್ವಾಸವೇ ನಮ್ಮ ಹಬ್ಬ. ಆ ಕೂಸು ನಿಮ್ಮ ಮನೆಗಳಿಗೆ ಶಾಂತಿಯನ್ನೂ, ನಿಮ್ಮ ಹೊಲಗಳಿಗೆ ಮಳೆಯನ್ನೂ, ದೂರವಿರುವ ಮಕ್ಕಳಿಗೆ ಕ್ಷೇಮವನ್ನೂ ಕೊಡಲಿ ಎಂದು ಪ್ರಾರ್ಥಿಸುತ್ತೇವೆ.